ಚಾರ್ಜ್ ಲಿಸ್ಟಿನಲ್ಲಿ ಇಲ್ಲದ ಮಕ್ಕಳು

ಏಪ್ರಿಲ್ 10 ಬಂತೆಂದರೆ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ವರ್ಷದ ಲೆಕ್ಕ ಮುಗಿಯುತ್ತದೆ. ಮಕ್ಕಳು ಮುಂದಿನ ತರಗತಿಗೆ, ಕೆಲವರು ಪಕ್ಕದೂರಿನ ಶಾಲೆಗೆ, ಶಿಕ್ಷಕರು ವರ್ಗಾವಣೆಯ ದಾರಿಗೆ. ದಾಖಲೆಗಳೆಲ್ಲ ಜೋಪಾನವಾಗಿ ಕೈ ದಾಟುತ್ತವೆ. ಮಗುವಿನ ಬಗ್ಗೆ ಅದರ ಶಿಕ್ಷಕಿಗೆ ಗೊತ್ತಿದ್ದದ್ದು ದಾಟುತ್ತದೆಯೇ?

"ಅಕ್ಕೋರ, ನಾ ಪಾಸ್ ಆಗೇನ್ರಿ?"

ಏಪ್ರಿಲ್ 10ರ ಮುಂಜಾನೆ ಗೇಟಿನ ಬೀಗ ತೆಗೆಯುವ ಮೊದಲೇ ಈ ಪ್ರಶ್ನೆ ನನ್ನ ದಾರಿ ಕಾಯುತ್ತಿರುತ್ತದೆ. ಅಂದು ಫಲಿತಾಂಶದ ದಿನ. ತಲೆಗೆ ಎಣ್ಣೆ ಹಚ್ಚಿಸಿಕೊಂಡು, ಜಾತ್ರೆಗೆ ಹೊಲಿಸಿದ ಅಂಗಿ ತೊಟ್ಟು, ಎಂಟು ಗಂಟೆಗೇ ಬಂದು ಬೇವಿನ ಗಿಡದ ಕೆಳಗೆ ನಿಂತಿರುತ್ತಾರೆ. ಒಬ್ಬಳು ಅವ್ವನ ಕಡೆಯಿಂದ ಪುಡಿಕೆಯಲ್ಲಿ ಸಕ್ಕರೆ ಕಟ್ಟಿಸಿಕೊಂಡೇ ಬಂದಿರುತ್ತಾಳೆ, ಪಾಸಾದರೆ ಹಂಚಲು.

ಪಾಸಾಗದೆ ಇರುವ ಮಾತೇ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಪುಟ್ಟ ಮಕ್ಕಳನ್ನು ಅದೇ ತರಗತಿಯಲ್ಲಿ ಮತ್ತೊಂದು ವರ್ಷ ಕೂರಿಸುವ ಪದ್ಧತಿ ನಿಂತಿತು. 2019ರ ತಿದ್ದುಪಡಿ ಐದನೆಯ ಮತ್ತು ಎಂಟನೆಯ ತರಗತಿಗಳಲ್ಲಿ ಪರೀಕ್ಷೆಯ ಮೇಲೆ ಮಗುವನ್ನು ತಡೆಹಿಡಿಯುವ ಅವಕಾಶವನ್ನು ರಾಜ್ಯಗಳಿಗೆ ಕೊಟ್ಟಿತು. ನನ್ನ ಒಂದು, ಎರಡು, ಮೂರರ ಮಕ್ಕಳನ್ನು ಅದು ಮುಟ್ಟುವುದಿಲ್ಲ. ಆದರೂ ಪ್ರತಿ ವರ್ಷ ಅದೇ ಪ್ರಶ್ನೆ, ಅದೇ ಕಣ್ಣು. "ಆಗೀಯೋ ಮಾರಾಯಾ, ಪಾಸ್ ಆಗೀ" ಎಂದರೂ ಹುಡುಗ ಜಾಗ ಬಿಟ್ಟು ಕದಲುವುದಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ನಿಂತು ಎರಡನೆಯ ಪ್ರಶ್ನೆ ಕೇಳುತ್ತಾನೆ. ಅವನು ನಿಜವಾಗಿ ಕೇಳಬೇಕೆಂದು ಬಂದದ್ದು ಅದನ್ನೇ.

"ಹಂಗಾರ ಮುಂದಿನ ವರ್ಷ ನಮಗ ನೀವ ಬರ್ತೀರಿಲ್ರಿ?"

ಇದಕ್ಕೆ ಮಾತ್ರ ನನ್ನ ಹತ್ತಿರ ಪ್ರತಿ ವರ್ಷವೂ ಉತ್ತರ ಇರುವುದಿಲ್ಲ.

ನೆಲದಿಂದ ಬೆಂಚಿಗೆ

ಗದಗ ಜಿಲ್ಲೆಯ ಎರೆ ಸೀಮೆಯ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ನಾನು ಇಷ್ಟು ವರ್ಷ ಕಲಿಸಿದ್ದು ಹೆಚ್ಚಾಗಿ ನಲಿಕಲಿ ಮಕ್ಕಳಿಗೆ. ನಲಿಕಲಿ ಹುಟ್ಟಿದ್ದು 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿ ಹಳ್ಳಿ ಮಕ್ಕಳಿಗೆ ಕಲಿಸುವ ಬಗೆ ನೋಡಿ, ಯುನಿಸೆಫ್ ನೆರವಿನಿಂದ ಅದನ್ನು ನಮ್ಮ ಶಾಲೆಗಳಿಗೆ ಒಗ್ಗಿಸಿದರು. 2009–10ರಿಂದ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂತು.

ಒಂದೇ ಕೋಣೆಯಲ್ಲಿ ಮೂರೂ ತರಗತಿಯ ಮಕ್ಕಳು ನೆಲದ ಮೇಲೆ ದುಂಡಗೆ ಕೂರುತ್ತಾರೆ. ಶಿಕ್ಷಕಿಯಿಂದ ಪೂರ್ತಿ ಸಹಾಯ ಬೇಕಾದವರು ಒಂದು ತಟ್ಟೆಯ ಸುತ್ತ, ಸ್ವಲ್ಪ ಸಹಾಯ ಸಾಕಾದವರು ಇನ್ನೊಂದರ ಸುತ್ತ, ಗೆಳೆಯರಿಂದ ಕಲಿಯುವವರು ಮತ್ತೆರಡರ ಸುತ್ತ, ತಾವೇ ಕಲಿಯುವವರು ಐದನೆಯದರ ಸುತ್ತ. ಗೋಡೆಯ ಕೆಳಭಾಗದ ಉದ್ದಕ್ಕೂ ಮಕ್ಕಳ ಕೈಗೆಟಕುವ ಕಪ್ಪುಹಲಗೆ. ಅಕ್ಷರಗಳೂ ವರ್ಣಮಾಲೆಯ ಸಾಲಿನಲ್ಲಿ ಬರುವುದಿಲ್ಲ. ಮೊದಲು ರ, ಗ, ಸ, ದ, ಅ. ಈ ಐದೇ ಅಕ್ಷರ ಕಲಿತ ಮಗು ಸರ, ಅರಸ, ಗರಗಸ ಎಂದು ಓದಿಬಿಡುತ್ತದೆ. 'ಗರಗಸ' ಓದಿದ ದಿನ ಬಡಿಗೇರರ ಹುಡುಗ ಮನೆಗೆ ಓಡಿ ಹೋಗಿ, ಅಪ್ಪನ ಗರಗಸ ಎತ್ತಿಕೊಂಡು ಬಂದು ನನಗೆ ತೋರಿಸಿದ್ದ.

ಹೀಗೆ ಮೂರು ವರ್ಷ ಒಂದೇ ಕೋಣೆ, ಒಬ್ಬಳೇ ಅಕ್ಕೋರು. ಜೂನ್‌ನಲ್ಲಿ ಅವ್ವನ ಸೆರಗು ಹಿಡಿದು ಅಳುತ್ತ ಬಂದ ಮಗುವಿಗೆ ನಾನು ನೋಡುನೋಡುತ್ತಲೇ ಮುಂದಿನ ಹಲ್ಲು ಬೀಳುತ್ತವೆ, ಹೊಸ ಹಲ್ಲು ಬರುತ್ತವೆ. ಮೂರನೆಯ ಏಪ್ರಿಲ್‌ಗೆ ಆ ಮಗು ನನ್ನ ಕೋಣೆ ಬಿಡಬೇಕು. ದೂರವೇನಲ್ಲ, ಪಕ್ಕದ ಕೋಣೆ. ಆದರೆ ಅಲ್ಲಿ ದುಂಡಗೆ ಕೂರುವುದಿಲ್ಲ, ಸಾಲಾಗಿ ಬೆಂಚು. ಕಪ್ಪುಹಲಗೆ ಕೈಗೆಟಕುವುದಿಲ್ಲ. ನಾಲ್ಕನೆಯ ತರಗತಿಯ ಮೊದಲ ವಾರ ಒಂದಿಬ್ಬರಾದರೂ ಪ್ರಾರ್ಥನೆ ಮುಗಿದ ಕೂಡಲೇ ಅಭ್ಯಾಸಬಲದಿಂದ ನನ್ನ ಕೋಣೆಗೇ ಬಂದು ಕೂತಿರುತ್ತಾರೆ.

ಐದನೆಯದು ಮುಗಿಸಿದವರ ದಾರಿ ಇನ್ನೂ ದೂರ. ನಮ್ಮದು ಐದರವರೆಗಿನ ಶಾಲೆ. ಆರನೆಯದಕ್ಕೆ ಮೂರು ಕಿಲೋಮೀಟರ್ ಆಚೆಯ ಹಿರಿಯ ಪ್ರಾಥಮಿಕ ಶಾಲೆಗೆ ಹೋಗಬೇಕು. ಅವರ ಕೈಗೆ ವರ್ಗಾವಣೆ ಪ್ರಮಾಣ ಪತ್ರ ಕೊಡುತ್ತೇವೆ. ಅದೇ ಹೊತ್ತಿಗೆ ನಮ್ಮ ಶಿಕ್ಷಕರ ವಾಟ್ಸ್ಆ್ಯಪ್ ಗುಂಪಿನಲ್ಲೂ ವರ್ಗಾವಣೆಯದೇ ಸುದ್ದಿ: ಕೌನ್ಸೆಲಿಂಗ್ ಯಾವಾಗ, ಯಾವ ಶಾಲೆಯಲ್ಲಿ ಮಕ್ಕಳ ಸಂಖ್ಯೆ ಇಳಿದು ಯಾರು 'ಹೆಚ್ಚುವರಿ' ಆಗುತ್ತಾರೆ. ಅತಿಥಿ ಶಿಕ್ಷಕಿಯ ಕೆಲಸವೂ ಅಂದಿಗೇ ಮುಗಿಯುತ್ತದೆ. ಜೂನ್‌ನಲ್ಲಿ ಆಕೆಗೆ ಇದೇ ಶಾಲೆ ಸಿಗುತ್ತದೆಂಬ ಭರವಸೆ ಇಲ್ಲ. ಏಪ್ರಿಲ್‌ನಲ್ಲಿ ಶಾಲೆಯೆಂಬುದು ಸಂತೆ ಮುಗಿದ ಬಯಲಿದ್ದ ಹಾಗೆ. ಎಲ್ಲರೂ ಗಂಟು ಕಟ್ಟುತ್ತಿರುತ್ತಾರೆ.

ಕುರ್ಚಿ ನಾಲ್ಕು, ಕಪಾಟು ಎರಡು

ಮುಖ್ಯ ಶಿಕ್ಷಕರು ಬದಲಾದಾಗ ಒಂದು ಚಾರ್ಜ್ ಲಿಸ್ಟ್ ಆಗುತ್ತದೆ. ಕುರ್ಚಿ ನಾಲ್ಕು, ಕಬ್ಬಿಣದ ಕಪಾಟು ಎರಡು, ಬಿಸಿಯೂಟದ ಪಾತ್ರೆ ಇಷ್ಟು, ಗ್ಯಾಸ್ ಸಿಲಿಂಡರ್ ಇಷ್ಟು, ಉಳಿಕೆ ಅಕ್ಕಿ ಇಷ್ಟು ಕಿಲೋ, ಗೋಡೆ ಗಡಿಯಾರ ಒಂದು, ಕೆಟ್ಟಿದೆ. ಕೊಟ್ಟವರು, ತೆಗೆದುಕೊಂಡವರು ಇಬ್ಬರೂ ಸಹಿ ಹಾಕುತ್ತಾರೆ. ಒಂದು ಚಮಚ ಕಡಿಮೆಯಾದರೂ ಕೇಳುವವರಿದ್ದಾರೆ.

ಮಕ್ಕಳ ಲೆಕ್ಕವೂ ಇದೆ. ಹಾಜರಿ ಪುಸ್ತಕ, ದಾಖಲಾತಿ ವಹಿ, ನಾಲ್ಕು ರೂಪಣಾತ್ಮಕ ಮತ್ತು ಎರಡು ಸಂಕಲನಾತ್ಮಕ ಮೌಲ್ಯಮಾಪನಗಳ ಶ್ರೇಣಿಗಳು, ಕಂಪ್ಯೂಟರಿನಲ್ಲಿ ಪ್ರತಿ ಮಗುವಿಗೊಂದು ಎಸ್‌ಎಟಿಎಸ್ ಸಂಖ್ಯೆ. ಮಗು ಯಾವ ಶಾಲೆಗೆ ಹೋದರೂ ಆ ಸಂಖ್ಯೆ ಬೆನ್ನ ಹಿಂದೆಯೇ ಹೋಗುತ್ತದೆ. ಇವೆಲ್ಲ ಬೇಕು, ಬೇಡವೆನ್ನಲಾರೆ. ಆದರೆ ಮೂರು ವರ್ಷ ಒಂದು ಮಗುವಿನ ಮುಖ ನೋಡುತ್ತ ನೋಡುತ್ತ ನಾನು ಅರಿತುಕೊಂಡದ್ದಕ್ಕೆ ಆ ವಹಿಗಳಲ್ಲಿ ಒಂದು ಕಲಮೂ ಇಲ್ಲ. ಇದರ ಬೆಲೆ ಏನೆಂದು ನನಗೆ ತಿಳಿದದ್ದು ನಾನೇ ಒಂದು ತಪ್ಪು ಮಾಡಿದ ಮೇಲೆ.

ಕಪ್ಪತಗುಡ್ಡದ ಅಂಚಿನ ಊರೊಂದರ ಶಾಲೆಗೆ ನಾನು ವರ್ಗವಾಗಿ ಹೋದ ಮೊದಲ ವರ್ಷ. ಎರಡನೆಯ ತರಗತಿಯಲ್ಲಿ ಒಬ್ಬ ಹುಡುಗ. ಕರೆದರೆ ಕೆಲವೊಮ್ಮೆ ಓಗೊಡುತ್ತಾನೆ, ಕೆಲವೊಮ್ಮೆ ಕಿವಿ ಮೇಲೇ ಹಾಕಿಕೊಳ್ಳುವುದಿಲ್ಲ. ಹೇಳಿದ್ದು ಒಂದು, ಬರೆಯುವುದು ಇನ್ನೊಂದು. ಹಟಮಾರಿ ಎಂದುಕೊಂಡೆ. ಗದರಿಸಿದೆ. ಒಂದು ದಿನ ಎಲ್ಲರ ಮುಂದೆ ನಿಲ್ಲಿಸಿ, "ಬೇಕಂತ ಮಾಡ್ತೀಯೇನು?" ಎಂದು ಕೇಳಿದೆ. ಅವನು ನನ್ನ ತುಟಿಯನ್ನೇ ನೋಡುತ್ತಿದ್ದ. ಅದು ಮೊಂಡುತನದ ನೋಟ ಎಂದು ನನಗೆ ಆಗ ಅನಿಸಿತ್ತು.

ನವೆಂಬರ್‌ನಲ್ಲಿ ಆರೋಗ್ಯ ತಪಾಸಣೆಗೆ ವೈದ್ಯರ ತಂಡ ಬಂತು. ಅವನ ಎಡಗಿವಿ ಸೋರಿ ಸೋರಿ ಕೇಳಿಸದಂತಾಗಿತ್ತು. ಮುಂದಿನ ತಿಂಗಳ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ನನಗಿಂತ ಮೊದಲು ಆ ಶಾಲೆಯಲ್ಲಿದ್ದ ಶಿಕ್ಷಕಿ ಸಿಕ್ಕರು. ಮಾತಿನ ನಡುವೆ ಆ ಹುಡುಗನ ಹೆಸರು ಬಂತು. "ಹೌದ್ರಿ, ಅವನ ಎಡಗಿವಿ ಕೇಳಂಗಿಲ್ಲ. ಅದಕ್ಕ ಅವನ್ನ ನಾ ಯಾವಾಗ್ಲೂ ಎಡಗಡೆ ಗ್ವಾಡಿಗೆ ಹಚ್ಚಿ ಕುಂದ್ರಸ್ತಿದ್ದೆ. ಬಲಗಿವಿ ನನ್ನ ಕಡೆ ಇರಲಿ ಅಂತ" ಎಂದರು. ಅವರಿಗೆ ಅದು ಎಷ್ಟು ಸಹಜವಾಗಿ ಗೊತ್ತಿತ್ತೆಂದರೆ ನನಗೆ ಹೇಳಬೇಕೆಂದು ಹೊಳೆದಿರಲೇ ಇಲ್ಲ. ನಾನಾದರೂ ಕೇಳಿರಲಿಲ್ಲ. ಕೇಳುವ ಪದ್ಧತಿಯೇ ನಮ್ಮಲ್ಲಿ ಇರಲಿಲ್ಲ.

ಜೂನ್‌ನಿಂದ ನವೆಂಬರ್‌ವರೆಗೆ, ಆರು ತಿಂಗಳು, ಕೇಳಿಸದ ಕಿವಿಯ ಮಗುವನ್ನು ಹಟಮಾರಿ ಎಂದು ಗದರಿಸಿದ್ದೆ. ಮರುದಿನ ಅವನನ್ನು ಎಡಗಡೆ ಗೋಡೆಯ ಪಕ್ಕ ಕೂರಿಸಿ, ಅವನ ಬಲಕ್ಕೆ ನಾನು ಕೂತೆ. ಅವನು ಏನೂ ಆಗಿಲ್ಲವೆಂಬಂತೆ ಸ್ಲೇಟು ತೋರಿಸಿದ. ಮಕ್ಕಳು ಮರೆಯುತ್ತಾರೆ. ನನಗೆ ಇವತ್ತಿಗೂ ಮರೆಯಲಾಗಿಲ್ಲ.

ಮಗುವಿಗೊಂದು ಹಾಳೆ

ಆ ವರ್ಷದ ಏಪ್ರಿಲ್‌ನಿಂದ ನನ್ನ ಕೋಣೆ ಬಿಡುವ ಪ್ರತಿ ಮಗುವಿಗೂ ಒಂದೊಂದು ಹಾಳೆ ಬರೆಯುತ್ತ ಬಂದಿದ್ದೇನೆ. ಯಾರೂ ಹೇಳಿದ್ದಲ್ಲ, ಯಾವ ಸುತ್ತೋಲೆಯೂ ಇಲ್ಲ. ಉಳಿದ ನೋಟುಪುಸ್ತಕಗಳ ಖಾಲಿ ಹಾಳೆ, ಒಂದು ಪೆನ್ನು.

ಮೊದಲ ವರ್ಷ ಬರೆದದ್ದನ್ನು ಈಗ ಓದಿದರೆ ನಾಚಿಕೆಯಾಗುತ್ತದೆ. 'ಚುರುಕು', 'ಮಂದ', 'ತುಂಟ', 'ಗಣಿತದಲ್ಲಿ ಹಿಂದೆ' ಎಂದೆಲ್ಲ ಬರೆದಿದ್ದೆ. ಆಗ ನಮ್ಮ ಹಿರಿಯ ಗುರುಗಳೊಬ್ಬರು, "ಅಕ್ಕೋರ, ಹಿಂಗ ಹಣೆಪಟ್ಟಿ ಹಚ್ಚಿ ಕಳಿಸೋದಕ್ಕಿಂತ ಮಗು ಹೊಸದಾಗಿ ಹೋಗೋದು ಚಲೋ ಅಲ್ಲೇನ್ರಿ?" ಎಂದು ಕೇಳಿದರು. ಅವರ ಮಾತು ಸರಿಯಿತ್ತು. ಹಳೆಯ ತೀರ್ಪನ್ನು ಹೊತ್ತುಕೊಂಡು ಯಾವ ಮಗುವೂ ಹೊಸ ಕೋಣೆಗೆ ಹೋಗಬಾರದು. ಅಂದಿನಿಂದ ಒಂದು ನಿಯಮ ಮಾಡಿಕೊಂಡೆ. ಹಾಳೆಯ ಪ್ರತಿ ಸಾಲೂ ಮುಂದಿನ ಶಿಕ್ಷಕರಿಗೆ ಮಾಡಲು ಏನಾದರೊಂದು ಕೆಲಸ ಹೇಳಬೇಕು. ಮಗು ಎಂಥದ್ದು ಎಂದು ಬರೆಯುವ ಹಾಗಿಲ್ಲ, ಮಗುವಿಗೆ ಏನು ಮಾಡಿದರೆ ಅನುಕೂಲ ಎಂಬುದನ್ನಷ್ಟೇ ಬರೆಯಬೇಕು.

ಒಂದು ಹಾಳೆಯಲ್ಲಿ ಹೀಗಿದೆ: 'ಇವನು ದೀಪಾವಳಿ ಮುಗಿದ ಮೇಲೆ ತಂದೆತಾಯಿಯ ಜೊತೆ ಕಬ್ಬು ಕಡಿಯಲು ಹೋಗುತ್ತಾನೆ, ಯುಗಾದಿ ಹೊತ್ತಿಗೆ ಬರುತ್ತಾನೆ. ಹೋಗುವ ಮುಂಚೆ ಓದುವ ಪುಸ್ತಕ ಎರಡು ಕೊಟ್ಟು ಕಳಿಸಿ, ಓದಿಕೊಂಡು ಬರುತ್ತಾನೆ. ಬಂದ ದಿನ ಎಲ್ಲರೆದುರು "ಎಷ್ಟು ತಿಂಗಳು ತಪ್ಪಿಸಿದಿ" ಎಂದು ಕೇಳಬೇಡಿ. ಎಲ್ಲಿಗೆ ಹೋಗಿದ್ದ, ಏನು ನೋಡಿದ ಎಂದು ಕೇಳಿ. ಎತ್ತಿನ ಗಾಡಿಗೆ ಕಬ್ಬು ಹೇರುವುದನ್ನು ಗಂಟೆಗಟ್ಟಲೆ ವಿವರಿಸುತ್ತಾನೆ. ಅದನ್ನೇ ಬರೆಯಿಸಿ.'

ಇನ್ನೊಂದು: 'ಈಕೆಗೆ ಹಲಗೆಯ ಮೇಲಿನ ಕಳೆಯುವ ಲೆಕ್ಕ ಬರುವುದಿಲ್ಲ. ಆದರೆ ಅವ್ವನ ಜೊತೆ ಮೆಣಸಿನಕಾಯಿ ತೊಟ್ಟು ಮುರಿಯಲು ಹೋದಾಗ ಯಾರಿಗೆ ಎಷ್ಟು ಕಿಲೋ, ಎಷ್ಟು ಕೂಲಿ, ಎಷ್ಟು ಬಾಕಿ ಎಂದು ಬಾಯಲ್ಲೇ ಹೇಳುತ್ತಾಳೆ. ಮೆಣಸಿನಕಾಯಿಯಿಂದ ಶುರುಮಾಡಿ, ಹಲಗೆಗೆ ಆಮೇಲೆ ಬನ್ನಿ.'

ತಾಂಡಾದ ಒಬ್ಬ ಹುಡುಗಿಯ ಹಾಳೆ ಬರೆಯಲು ನನಗೆ ಎರಡು ದಿನ ಬೇಕಾಯಿತು. ಆಕೆ ಒಂದನೆಯ ತರಗತಿಗೆ ಬಂದಾಗ ಮನೆಯಲ್ಲಿ ಆಡುವುದು ಬರೀ ಲಂಬಾಣಿ. ಅವ್ವನಿಗೆ ಯಾಡಿ ಎನ್ನುವ ಮಗು. ಚಿತ್ರದ ಕಾರ್ಡಿನಲ್ಲಿ ರೊಟ್ಟಿ ತೋರಿಸಿದಾಗ 'ಬಾಟಿ' ಎಂದಿದ್ದಳು, ಸುತ್ತಲಿದ್ದವರು ನಕ್ಕಿದ್ದರು. ಅಂದಿನಿಂದ ಬಾಯಿಗೆ ಬೀಗ. ಅವಳು ಸುಮ್ಮನಿರುವುದು ಉತ್ತರ ಗೊತ್ತಿಲ್ಲದೆ ಅಲ್ಲ, ಬಾಯಿಗೆ ಬಂದ ಮಾತನ್ನು ತಡೆದು ಅದರ ಕನ್ನಡ ಹುಡುಕುತ್ತಾಳೆ ಎಂಬುದು ನನಗೆ ತಿಳಿಯಲು ಒಂದೂವರೆ ವರ್ಷ ಹಿಡಿಯಿತು. ಕೊನೆಗೆ ಬರೆದೆ: 'ಪ್ರಶ್ನೆ ಕೇಳಿ ಹತ್ತು ಎಣಿಸುವಷ್ಟು ಹೊತ್ತು ಕಾಯಿರಿ. ಅಷ್ಟರಲ್ಲಿ ಬೇರೆಯವರನ್ನು ಎಬ್ಬಿಸಬೇಡಿ. ಉತ್ತರ ಬರುತ್ತದೆ.'

ಕೊನೆಯ ದಿನವಿಲ್ಲದ ವರ್ಷ

ಒಂದು ವರ್ಷ ಮಾತ್ರ ಯಾವ ಹಾಳೆಯನ್ನೂ ಯಾರ ಕೈಗೂ ಕೊಡಲಾಗಲಿಲ್ಲ. 2020ರ ಮಾರ್ಚ್. ಕೊರೊನಾ ಎಂಬ ಮಾತು ನಮ್ಮ ಊರಿಗೆ ಆಗಷ್ಟೇ ಬಂದಿತ್ತು. ಕೆಲವು ದಿನದ ರಜೆ ಎಂದು ಮಕ್ಕಳನ್ನು ಮನೆಗೆ ಕಳಿಸಿದೆವು. ತಟ್ಟೆಗಳ ಸುತ್ತ ಕಾರ್ಡುಗಳು ಹರಡಿದ್ದ ಹಾಗೆಯೇ ಉಳಿದವು. ಹವಾಮಾನ ನಕ್ಷೆಯಲ್ಲಿ ಯಾರೋ ಗುರುತಿಸಿದ್ದ ಸೂರ್ಯನೂ ಹಾಗೇ ಉಳಿದ. ಪರೀಕ್ಷೆ ಇಲ್ಲದೆ ಎಲ್ಲರನ್ನೂ ಮುಂದಿನ ತರಗತಿಗೆ ಏರಿಸಲಾಯಿತು. ಆ ವರ್ಷ "ಪಾಸ್ ಆಗೇನ್ರಿ" ಎಂದು ಗೇಟಿನ ಬಳಿ ಕೇಳಲು ಯಾರೂ ಬರಲಿಲ್ಲ.

ಆ ಮಳೆಗಾಲದಲ್ಲಿ ವಿದ್ಯಾಗಮ ಬಂತು. ಗುಡಿಯ ಕಟ್ಟೆ, ಮರದ ನೆರಳು, ಯಾರದೋ ಪಡಸಾಲೆಯಲ್ಲಿ ಮಕ್ಕಳನ್ನು ದೂರದೂರ ಕೂರಿಸಿ ಪಾಠ ಮಾಡಿದೆವು. ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಒಂದರಿಂದ ಐದರ ಮಕ್ಕಳಿಗೆ ಶಾಲೆಯ ಬಾಗಿಲು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಒಂದನೆಯ ತರಗತಿಯಲ್ಲಿ 'ಗರಗಸ' ಓದುತ್ತಿದ್ದ ಮಗು ಬಂದು ಕೂತದ್ದು ಮೂರನೆಯ ತರಗತಿಯಲ್ಲಿ. ಅಷ್ಟರಲ್ಲಿ ಗರಗಸ ಮರೆತಿತ್ತು. ಕೆಲವರಿಗೆ ನನ್ನ ಮುಖವೂ ಮಸುಕಾಗಿತ್ತು, ಮಾಸ್ಕಿನ ಹಿಂದೆ ಗುರುತು ಹಿಡಿಯುವುದಾದರೂ ಹೇಗೆ?

ಆಗ ನನ್ನ ಕೈ ಹಿಡಿದದ್ದು ಹಳೆಯ ಟಿಪ್ಪಣಿಗಳು. ಮಗು ಅಕ್ಷರ ಮರೆತಿರಬಹುದು. ಹಾಡಿದರೆ ಮಾತ್ರ ಬಾಯಿ ಬಿಡುತ್ತದೆಂಬುದು, ಗೆಳತಿಯ ಪಕ್ಕ ಕೂತರೆ ಮಾತ್ರ ಬರೆಯುತ್ತದೆಂಬುದು ಬದಲಾಗಿರಲಿಲ್ಲ. ಮುಂದಿನ ವರ್ಷ ರಾಜ್ಯವೆಲ್ಲ 'ಕಲಿಕಾ ಚೇತರಿಕೆ' ನಡೆಯಿತು, ಹಿಂದಿನ ತರಗತಿಗಳ ಕಲಿಕೆಯನ್ನು ಮತ್ತೆ ಕಟ್ಟಿಕೊಡುವ ಕೆಲಸ. ನನ್ನ ಕೋಣೆಯಲ್ಲಿ ಆ ಚೇತರಿಕೆ ಶುರುವಾದದ್ದು ಆ ಹಾಳೆಗಳಿಂದ.

ಅಡುಗೆ ಮನೆಯ ಅರಿವು

ಎರಡು ವರ್ಷದ ಹಿಂದೆ ನನಗೇ ವರ್ಗವಾಯಿತು. ಈಗಿನ ಶಾಲೆಗೆ ಬಂದಾಗ ಇಲ್ಲಿ ನನಗಾಗಿ ಕಾದಿದ್ದ ಹಾಳೆ ಇರಲಿಲ್ಲ. ಹಿಂದಿನವರು ಬೇರೆ ತಾಲ್ಲೂಕಿಗೆ ಹೋಗಿಯಾಗಿತ್ತು. ಯಾರನ್ನು ಕೇಳಲಿ ಎಂದು ಯೋಚಿಸುತ್ತಿದ್ದಾಗ ಬಿಸಿಯೂಟದ ಕೋಣೆಯಿಂದ ದನಿ ಬಂತು: "ಅಕ್ಕೋರ, ಆ ಮೂಲ್ಯಾಗಿನ ಹುಡುಗಿಗೆ ಸೋಮಾರ ಎರಡ ಸಲ ನೀಡ್ತೇನ್ರಿ. ರವಿವಾರ ಮನ್ಯಾಗ ಸರೀ ಉಂಡಿರಂಗಿಲ್ಲ."

ಹದಿನೈದು ವರ್ಷದಿಂದ ಇಲ್ಲಿ ಅಡುಗೆ ಮಾಡುವ ಆ ತಾಯಿಗೆ ಶಾಲೆಯ ಪ್ರತಿ ಮಗುವೂ ಗೊತ್ತು. ಬೆಳಗಿನ ಹಾಲು ಕುಡಿದರೆ ಯಾರಿಗೆ ಆಗಿಬರುವುದಿಲ್ಲ, ಮೊಟ್ಟೆಯನ್ನು ತಾನು ತಿನ್ನದೆ ತಮ್ಮನಿಗೆಂದು ಜೇಬಿನಲ್ಲಿ ಇಟ್ಟುಕೊಳ್ಳುವವನು ಯಾರು, ಯಾವ ಮಗು ಉಣ್ಣದೆ ಸುಮ್ಮನೆ ಕೂತರೆ ಮನೆಯಲ್ಲಿ ಜಗಳವಾಗಿದೆ ಎಂದು ಅರ್ಥ. ಮೂರು ದಿನ ಶಾಲೆ ಬಿಟ್ಟ ಮೇಲೆ ಅವರ ಜೊತೆ ಪಾತ್ರೆ ಒರೆಸುತ್ತ ಕೂತು ಬರೆದುಕೊಂಡೆ. 2024ರ ಬೇಸಿಗೆಯಲ್ಲಿ, ಬರದಿಂದಾಗಿ ರಜೆಯಲ್ಲೂ ಬಿಸಿಯೂಟ ನಡೆದಾಗ, ದಿನವೂ ಮಕ್ಕಳ ಮುಖ ನೋಡಿದವರು ಅವರೇ.

ಅಂಗನವಾಡಿ ಕಾರ್ಯಕರ್ತೆಯದೂ ಇದೇ ಮಾತು. ಮೇ ಕೊನೆಗೆ ದಾಖಲಾತಿ ಆಂದೋಲನಕ್ಕೆ ಮನೆಮನೆ ತಿರುಗುವಾಗ ಅವರನ್ನು ಜೊತೆಗೆ ಕರೆದುಕೊಂಡು ಹೋಗುತ್ತೇನೆ. ಒಂದೊಂದು ಹೊಸ್ತಿಲ ಮುಂದೆ ನಿಂತಾಗಲೂ ಒಂದೊಂದು ಮಗುವಿನ ಕಥೆ ಬಿಚ್ಚುತ್ತಾರೆ. ಈಕೆ ಕತ್ತಲೆಗೆ ಅಂಜುತ್ತಾಳೆ, ಕಿಟಕಿ ಹತ್ತಿರ ಕೂರಿಸಿ. ಇವನಿಗೆ ಕಥೆ ಹೇಳಿದರೆ ಅಳು ನಿಲ್ಲುತ್ತದೆ, ಅದರಲ್ಲೂ ನರಿಯ ಕಥೆ. ಮೂರು ವರ್ಷ ಆ ಮಕ್ಕಳನ್ನು ಎತ್ತಿ ಆಡಿಸಿದವರು ಅವರು. ಒಂದನೆಯ ತರಗತಿಯ ಮಗು ನಮ್ಮ ಕೈಗೆ ಬರುವಾಗಲೇ ಯಾರೋ ಒಬ್ಬರಿಗೆ ಚೆನ್ನಾಗಿ ಗೊತ್ತಿರುವ ಮಗು. ನಾವು ಕೇಳಿದರೆ ಹೇಳುತ್ತಾರೆ.

ಅರ್ಧ ದಿನದ ಕೆಲಸ

ಇದಕ್ಕೊಂದು ಹೊಸ ಯೋಜನೆ ಬೇಡ, ತುಂಬಬೇಕಾದ ಮತ್ತೊಂದು ನಮೂನೆ ಮೊದಲೇ ಬೇಡ. ನಮೂನೆಯಾದರೆ ಅದೂ 'ಚುರುಕು', 'ಸಾಧಾರಣ' ಎಂಬ ಟಿಕ್ ಗುರುತುಗಳಿಗೆ ಇಳಿದುಬಿಡುತ್ತದೆ. ಏಪ್ರಿಲ್ 10ರಂದು ಪಾಲಕರ ಸಭೆ ಮುಗಿದ ಮೇಲೆ ಅರ್ಧ ದಿನ ಉಳಿಯುತ್ತದೆ. ಮಕ್ಕಳನ್ನು ಬಿಟ್ಟುಕೊಡುವವರು, ತೆಗೆದುಕೊಳ್ಳುವವರು ಆ ಅರ್ಧ ದಿನ ಎದುರುಬದುರು ಕೂತರೆ ಸಾಕು. ಐದನೆಯದು ಮುಗಿಸಿದವರ ಪ್ರಮಾಣ ಪತ್ರ ಪಾಲಕರ ಕೈಯಲ್ಲಿ ಹೋಗಲಿ, ಜೊತೆಗೆ ಹಿರಿಯ ಪ್ರಾಥಮಿಕ ಶಾಲೆಗೆ ಒಂದು ಫೋನ್ ಹೋಗಲಿ. ವರ್ಗವಾದವರನ್ನು ಬಿಡುಗಡೆ ಮಾಡುವ ಮುಖ್ಯ ಶಿಕ್ಷಕರು ಬೀರುವಿನ ಕೀಲಿ ಕೇಳುವ ಹಾಗೆಯೇ, "ಮಕ್ಕಳ ಬಗ್ಗೆ ಹೇಳಿದಿರಾ?" ಎಂದು ಒಂದು ಮಾತು ಕೇಳಲಿ. ಜೂನ್‌ನ ಸೇತುಬಂಧದಲ್ಲಿ ಮಗುವಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಪರೀಕ್ಷಿಸುತ್ತೇವೆ. ಆ ಸೇತುವೆ ಏಪ್ರಿಲ್‌ನಲ್ಲೇ, ಗೊತ್ತಿರುವವರ ಕಡೆಯಿಂದ ಕಟ್ಟಿಕೊಂಡು ಬಂದರೆ ಮಗು ಎರಡು ಸಲ ಹೊಸಬನಾಗಬೇಕಿಲ್ಲ.

ಒಂದು ಹಾಳೆಯಿಂದ ಏನಾಗುತ್ತದೆ ಎಂದು ಕೇಳುವವರಿದ್ದಾರೆ. ಅವರಿಗೆ ಕಪ್ಪತಗುಡ್ಡದ ಆ ಶಾಲೆಯಿಂದ ನಾನು ಬಿಡುಗಡೆಯಾದ ದಿನದ ಸಂಗತಿ ಹೇಳುತ್ತೇನೆ.

ನನ್ನ ಜಾಗಕ್ಕೆ ಬಂದವರು ಹುಡುಗ ವಯಸ್ಸಿನ ಗುರುಗಳು. ನನ್ನ ವಶದಲ್ಲಿದ್ದ ಕಲಿಕಾ ಸಾಮಗ್ರಿಯ ಪಟ್ಟಿಗೆ ಸಹಿ ಹಾಕಲು ಹತ್ತು ನಿಮಿಷ ಸಾಕಾಯಿತು. "ಇನ್ನೊಂದು ಚಾರ್ಜ್ ಐತ್ರಿ ಸರ್" ಎಂದು ದಾರ ಕಟ್ಟಿದ್ದ ಹಾಳೆಗಳನ್ನು ಕೊಟ್ಟೆ. ಇಪ್ಪತ್ತೇಳು ಮಕ್ಕಳು, ಇಪ್ಪತ್ತೇಳು ಹಾಳೆ. ಕೂತು ಪೂರ್ತಿ ಓದಿದರು. ಊಟದ ಗಂಟೆಯಾದರೂ ಏಳಲಿಲ್ಲ. ಮಧ್ಯಾಹ್ನ ಇಬ್ಬರೂ ಕೋಣೆಗೆ ಹೋದೆವು. ನಾನು ಬಾಗಿಲ ಬಳಿ ನಿಂತೆ.

ಅವರು ಮಕ್ಕಳ ಮಧ್ಯೆ ನೆಲದ ಮೇಲೆಯೇ ಕೂತು ಒಬ್ಬೊಬ್ಬರನ್ನೇ ಮಾತಾಡಿಸುತ್ತ ಬಂದರು. ತಾಂಡಾದ ಹುಡುಗಿಯ ಸರದಿ ಬಂತು. "ಇವತ್ತು ಮುಂಜಾನೆ ಏನು ಉಂಡಿ?" ಎಂದು ಕೇಳಿದರು. ಅವಳು ತಲೆ ತಗ್ಗಿಸಿದಳು. ಪಕ್ಕದವನು "ನಾ ಹೇಳ್ತೇನ್ರಿ" ಎಂದು ಎದ್ದ. ಅವನನ್ನು ಬಲಗೈಯಿಂದ ಮೆಲ್ಲಗೆ ಕೂರಿಸಿದರು. ಅವರ ಎಡಗೈ ಬೆನ್ನ ಹಿಂದಿತ್ತು. ಮಕ್ಕಳಿಗೆ ಕಾಣುವಂತಿರಲಿಲ್ಲ, ಬಾಗಿಲಲ್ಲಿ ನಿಂತ ನನಗೆ ಕಾಣುತ್ತಿತ್ತು. ಬೆರಳುಗಳು ಒಂದೊಂದಾಗಿ ಮಡಚಿಕೊಳ್ಳುತ್ತಿದ್ದವು. ಐದು ಮಡಚಿ, ಮತ್ತೆ ಬಿಚ್ಚಿ, ಒಂದು, ಎರಡು.

ಏಳಕ್ಕೆ ಅವಳು ತಲೆ ಎತ್ತಿದಳು.

"ರೊಟ್ಟಿ ಉಂಡೇನ್ರಿ" ಎಂದಳು. "ನಮ್ಮ ಮನ್ಯಾಗ ಅದಕ್ಕ ಬಾಟಿ ಅಂತಾರ್ರಿ."